ಬಾನೆಟ್ಟಪ್ಪನ ಬಿಸಿಗಾಳಿ

ಕನ್ನಡಕದ ಅಂಗಡಿಯ ಯಜಮಾನರಿಗೆ ಬೀದಿಯವರು ಇಟ್ಟ ಹೆಸರು ಬಾನೆಟ್ಟಪ್ಪ. ಅಂಗಡಿಗೆ ಹೋದರೆ ಆಸಾಮಿ ಸಿಗುತ್ತಿರಲಿಲ್ಲ. ಮನೆ ಮುಂದೆ, ಹೆಚ್ಚುಕಡಿಮೆ ತಮ್ಮದೇ ವಯಸ್ಸಿನ ಕಾರಿನ ಬಾನೆಟ್ಟಿನೊಳಗೆ ಅರ್ಧ ದೇಹ ತೂರಿಸಿಕೊಂಡು ನಿಂತಿರುತ್ತಿದ್ದರು. ಕಣ್ಣು ತೋರಿಸಲು ಬಂದವರು ಅವರ ಬೆನ್ನಿಗೆ ನಮಸ್ಕಾರ ಹೇಳಿ ವಾಪಸಾಗುತ್ತಿದ್ದರು. ಕಾರು ಅಪರೂಪಕ್ಕೊಮ್ಮೆ ಓಡುತ್ತಿತ್ತು, ಅದರ ಬಗ್ಗೆ ಅವರ ಬಾಯಿ ದಿನವೂ ಓಡುತ್ತಿತ್ತು.

ಆ ವರ್ಷ ಚಳಿ ಜೋರಾಗಿ ಬಿತ್ತು. ಮಗಳ ಮಾವ, ಅಂದರೆ ಬೀಗರು, ಊರಿಗೆ ಬರುವವರಿದ್ದರು. ಹೆಂಡತಿ ಮೊದಲೇ ಎಚ್ಚರಿಸಿದಳು.

"ರೀ, ಸ್ಟೇಷನ್ನಿಂದ ಅವರನ್ನ ಬಾಡಿಗೆ ಕಾರಲ್ಲಿ ಕರ್ಕೊಂಡು ಬರೋಣ. ನಿಮ್ಮ ಕಾರಲ್ಲಿ ಕೂತ್ರೆ ಹಲ್ಲು ಕಟಕಟ ಅನ್ನುತ್ತೆ. ಹೀಟರ್ ಹಾಕಿದ್ರೆ ತಣ್ಣಗಿನ ಗಾಳಿ ಬರುತ್ತೆ."

ಬಾನೆಟ್ಟಪ್ಪನ ಮೂಗಿಗೆ ಮೆಣಸಿನ ಹೊಗೆ ಹಾಕಿದಂತಾಯಿತು. "ಹೀಟರ್ ಅಂದ್ರೆ ಏನು ಗೊತ್ತಾ ನಿಂಗೆ? ಇಂಜಿನ್ ಕಾಯಿಸಿದ ನೀರು ಪೈಪಲ್ಲಿ ಬಂದು, ಡ್ಯಾಶ್‌ಬೋರ್ಡ್ ಹಿಂದಿರೋ ಚಿಕ್ಕ ರೇಡಿಯೇಟರ್ ಒಳಗೆ ಸುತ್ತುತ್ತೆ. ಅದರ ಮೇಲೆ ಫ್ಯಾನು ಗಾಳಿ ಊದುತ್ತೆ. ಅಷ್ಟೇ! ಎಲ್ಲಿ ತಡೆಯಾಗಿದೆ ಅಂತ ಕಂಡುಹಿಡಿದ್ರೆ ಮುಗೀತು."

"ಕಂಡುಹಿಡೀರಿ ಮತ್ತೆ," ಎಂದಳು ಹೆಂಡತಿ. ಆಮೇಲೆ ಬಹಳ ಕಾಲ ಆ ಮಾತಿಗೆ ಪಶ್ಚಾತ್ತಾಪಪಟ್ಟಳು.

ಮೊದಲು ಅನುಮಾನ ಬಿದ್ದದ್ದು ಥರ್ಮೋಸ್ಟಾಟ್ ಮೇಲೆ. ಇಂಜಿನ್ ಕಾಯುವ ತನಕ ನೀರನ್ನು ತಡೆದು ನಿಲ್ಲಿಸುವ ಸಣ್ಣ ಬಾಗಿಲು ಅದು. ಸದಾ ತೆರೆದುಕೊಂಡೇ ಇದ್ದರೆ ಇಂಜಿನ್ನೂ ಬಿಸಿಯಾಗದು, ಹೀಟರೂ ಬಿಸಿಯಾಗದು. ಬಾನೆಟ್ಟಪ್ಪ ಅದನ್ನು ಬಿಚ್ಚಿ ತಂದು ಹಾಲಿನ ಪಾತ್ರೆಯಲ್ಲಿ ನೀರು ಹಾಕಿ ಕುದಿಸಿದರು. ತಣ್ಣೀರಿನಲ್ಲಿ ಮುಚ್ಚಿದ್ದದ್ದು ಬಿಸಿನೀರಿನಲ್ಲಿ ಸಲೀಸಾಗಿ ತೆರೆದುಕೊಂಡಿತು. ನಿರಪರಾಧಿ ಎಂದು ಸಾಬೀತಾಯಿತು. ಆದರೂ "ವಯಸ್ಸಾಗಿದೆ" ಎಂದು ಅದನ್ನು ಎಸೆದು ಹೊಸದು ಹಾಕಿದರು. ವಯಸ್ಸಿನ ಲೆಕ್ಕ ಹಿಡಿದರೆ ಮನೆಯಿಂದ ಇನ್ನೂ ಯಾರ್ಯಾರನ್ನು ಎಸೆಯಬೇಕಾಗುತ್ತಿತ್ತೋ! ಹೆಂಡತಿ ಪಾತ್ರೆಯನ್ನಂತೂ ತಿಪ್ಪೆಗೆ ಹಾಕಿದಳು.

ಗಾಳಿ ತಣ್ಣಗೇ ಬಂತು.

ಮುಂದಿನ ಸರದಿ ಡ್ಯಾಶ್‌ಬೋರ್ಡಿನದು. ಅದು ತುಂಡುತುಂಡಾಗಿ ಊಟದ ಮೇಜಿನ ಮೇಲೆ ಬಂದು ಕೂತಿತು. ಮನೆಯವರು ತಟ್ಟೆ ತೊಡೆಯ ಮೇಲಿಟ್ಟುಕೊಂಡು ಉಂಡರು. ಒಳಗಿನ ಚಿಕ್ಕ ರೇಡಿಯೇಟರ್ ಹೊರಬಂತು. "ಕಿಲುಬು ಕಟ್ಟಿದೆ, ನೋಡು!" ಎಂದು ಬಾನೆಟ್ಟಪ್ಪ ಹಿಗ್ಗಿದರು. ಬಚ್ಚಲಲ್ಲಿ ನೀರು ಬಿಟ್ಟು ತೊಳೆದರು. ಸಾಲದೆಂದು ಹೆಂಡತಿಯ ಹೆಣಿಗೆ ಕಡ್ಡಿ ತಂದು ಅದರ ತೂತಿನೊಳಗೆ ತಿವಿದು, ಕೆರೆದು, ತಿರುವಿದರು. ಮತ್ತೆ ಎಲ್ಲ ಜೋಡಿಸಿದಾಗ ಹಿಡಿಯಷ್ಟು ಸ್ಕ್ರೂಗಳು ಉಳಿದವು. "ಹಿಂದಿನವರು ಸುಮ್ಮನೆ ಹಾಕಿದ್ದು," ಎಂದು ಅವನ್ನು ಜೇಬಿಗೆ ಹಾಕಿಕೊಂಡರು.

ಗಾಳಿ ಆಗಲೂ ತಣ್ಣಗೇ ಬಂತು.

ಕೊನೆಗೆ, ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದರು: ಇಂಜಿನ್ ಕಾದ ಮೇಲೆ ಹೀಟರಿನ ಪೈಪುಗಳನ್ನು ಕೈಯಲ್ಲಿ ಮುಟ್ಟಿ ನೋಡಿದರು. ಎರಡೂ ಹೆಣದಂತೆ ತಣ್ಣಗಿದ್ದವು. ಅಂದರೆ ಬಿಸಿನೀರು ಇಂಜಿನ್ ಬಿಟ್ಟು ಹೊರಡುತ್ತಲೇ ಇಲ್ಲ. ಪೈಪಿನ ಬುಡಕ್ಕೆ ಬೆರಳು ಓಡಿಸುತ್ತ ಹೋದರೆ, ಇಂಜಿನ್ನಿನ ಹಿಂಬದಿಯಲ್ಲಿ ಎಣ್ಣೆ ಜಿಡ್ಡು ಮೆತ್ತಿದ ಸಣ್ಣದೊಂದು ಹಿತ್ತಾಳೆ ನಲ್ಲಿ ಸಿಕ್ಕಿತು. ಮುಚ್ಚಿತ್ತು. ಬೇಸಿಗೆಯಲ್ಲಿ "ಈಗ ಬಿಸಿಗಾಳಿ ಯಾಕೆ?" ಎಂದು ತಾವೇ ಮುಚ್ಚಿದ್ದು ನೆನಪಾಯಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಇವರು ಹುಡುಕಿದ್ದೂ ಅಲ್ಲದೆ ಊರನ್ನೇ ಅಗೆದು ಹಾಕಿದ್ದರು. ಅತ್ತಿತ್ತ ನೋಡಿದರು. ಯಾರೂ ಇರಲಿಲ್ಲ. ನಲ್ಲಿ ತಿರುಗಿಸಿದರು. ಬಿಸಿಗಾಳಿ ಬಂತು.

"ನೋಡು ಬಾ!" ಎಂದು ಹೆಂಡತಿಯನ್ನು ಕೂಗಿದರು. "ಎಲ್ಲ ಬಿಚ್ಚಿ ತೊಳೆದದ್ದಕ್ಕೆ ಈಗ ಹೇಗೆ ಉಸಿರಾಡ್ತಿದೆ!"

ಬೀಗರು ಬಂದರು. ಹೊಸ ಬೂಟು, ಇಸ್ತ್ರಿ ಮುರಿಯದ ಪ್ಯಾಂಟು. ಮುಂದಿನ ಸೀಟಿನಲ್ಲಿ ಕೂತರು. ಹೆಂಡತಿ ಹಿಂದೆ ಕೂತಳು. ಕಾರು ಹೊರಟಿತು. ಥರ್ಮೋಸ್ಟಾಟಿನಿಂದ ಹಿಡಿದು ಕಿಲುಬಿನವರೆಗೆ ಬಾನೆಟ್ಟಪ್ಪನ ಕಥೆ ಸಾಂಗವಾಗಿ ಸಾಗಿತ್ತು. ನಲ್ಲಿಯ ಸುದ್ದಿ ಬರಲಿಲ್ಲ.

"ಏನೋ ಸಿಹಿ ಸಿಹಿ ವಾಸನೆ ಬರ್ತಿದೆಯಲ್ಲ ಬೀಗರೇ?"

"ಹಳೇ ಚರ್ಮದ ಸೀಟು ಬೀಗರೇ. ಬಿಸಿ ತಾಗಿದ್ರೆ ಹಾಗೇ ಘಮ ಬರುತ್ತೆ," ಎಂದರು ಬಾನೆಟ್ಟಪ್ಪ.

ಮುಂದಿನ ಗಾಜಿನ ಮೇಲೆ ಮಂಜು ಹಬ್ಬಿತು. ಬಾನೆಟ್ಟಪ್ಪ ತೋಳಿನಿಂದ ಒರೆಸಿದರು. ಮಂಜು ಹೋಗಿ ಜಿಡ್ಡಾಯಿತು.

"ನನ್ನ ಕಾಲು ಬೆಚ್ಚಗಾಗ್ತಿದೆ," ಎಂದರು ಬೀಗರು.

"ಆಗಬೇಕಲ್ಲ ಮತ್ತೆ! ಅದಕ್ಕೇ ಅಲ್ವಾ ಇಷ್ಟೆಲ್ಲ ಕಷ್ಟಪಟ್ಟಿದ್ದು!"

"ಒದ್ದೇನೂ ಆಗ್ತಿದೆ."

ಆಮೇಲೆ ಬೀಗರು "ಅಯ್ಯಯ್ಯೋ, ಸುಡ್ತಿದೆ!" ಎಂದು ಎರಡೂ ಕಾಲನ್ನು ಸೀಟಿನ ಮೇಲೆ ಎತ್ತಿಕೊಂಡರು. ಇಂಜಿನ್ನಿನ ಸಿಹಿ ವಾಸನೆಯ ಹಸಿರು ನೀರು ಬೂಟಿನ ಸುತ್ತ ಹರಿಯುತ್ತಿತ್ತು. ಜನರ ದೃಷ್ಟಿ ತಿದ್ದಿಯೇ ಬದುಕಿದ ಬಾನೆಟ್ಟಪ್ಪನಿಗೆ ರಸ್ತೆ ಕಾಣಿಸಲಿಲ್ಲ. ಕಾರು ಮೆತ್ತಗೆ ಫುಟ್‌ಪಾತ್ ಹತ್ತಿ, ಕಸದ ಡಬ್ಬಿಯನ್ನು ಉರುಳಿಸಿ ನಿಂತಿತು.

ಹೆಂಡತಿ ಇಳಿದಳು. ಬಾಡಿಗೆ ಕಾರು ನಿಲ್ಲಿಸಿ ಬೀಗರನ್ನು ಕೂರಿಸಿಕೊಂಡು ಹೋದಳು. ಹಿಂತಿರುಗಿ ನೋಡಲಿಲ್ಲ. ಸಂಜೆ ಗಂಡನ ಮುಂದೆ ಬಂದು ಡೊಂಕಾದ ಹೆಣಿಗೆ ಕಡ್ಡಿ ಹಿಡಿದಳು.

"ಇದರಲ್ಲೇ ತಾನೇ ತೂತು ಮಾಡಿದ್ದು?"

"ತೂತು ಆಗ್ಲೇ ಇತ್ತು," ಎಂದರು ಬಾನೆಟ್ಟಪ್ಪ. "ಕಡ್ಡಿ ಅದನ್ನ ಪತ್ತೆ ಮಾಡ್ತು."

ಹೀಟರಿಗೆ ಹೋಗುವ ಪೈಪನ್ನೂ ಬರುವ ಪೈಪನ್ನೂ ಒಂದಕ್ಕೊಂದು ಸೇರಿಸಿ ಬಿಗಿದು, ಹೀಟರನ್ನು ಅದರ ಪಾಡಿಗೆ ಬಿಟ್ಟರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ: "ನಿಜವಾದ ಹಳೇ ಕಾರಿನವರು ಹೀಟರ್ ಮುಟ್ಟೋದೇ ಇಲ್ಲ," ಎಂದು ಸಾರಿದರು. ಹೆಂಡತಿ ಅಂದಿನಿಂದ ಬಸ್ಸು ಹಿಡಿದಳು. ಬಸ್ಸು ಬೆಚ್ಚಗಿರುತ್ತದೆ, ಯಾಕೆ ಬೆಚ್ಚಗಿದೆ ಅಂತ ಅಲ್ಲಿ ಯಾರೂ ವಿವರಿಸುವುದಿಲ್ಲ ಎಂದು ಮಗಳಿಗೆ ಫೋನಿನಲ್ಲಿ ಹೇಳಿದಳಂತೆ.

ಚಳಿ ಮುಗಿಯುವ ಮೊದಲೇ ಹಳೇ ಕಾರುಗಳ ಸಂಘದಲ್ಲಿ ಬಾನೆಟ್ಟಪ್ಪನ ಉಪನ್ಯಾಸ ನಡೆಯಿತು, ವಿಷಯ ಹೀಟರ್. ಒಂದೂ ಸುಳ್ಳು ಹೇಳಲಿಲ್ಲ. ಬೇಕಾದಷ್ಟು ನಿಜವನ್ನು ಮಾತ್ರ ಹೇಳದೆ ಬಿಟ್ಟರು. ಜೋರು ಚಪ್ಪಾಳೆ ಬಿತ್ತು. ಹಲ್ಲಿನ ಡಾಕ್ಟರು ಎದ್ದು ಬಂದು ಕೈಹಿಡಿದುಕೊಂಡರು. "ಯಜಮಾನ್ರೇ, ನಮ್ಮ ಕಾರಲ್ಲೂ ತಣ್ಣಗಿನ ಗಾಳೀನೇ ಬರೋದು. ಒಂದ್ಸಲ ಬಂದು ನೋಡ್ತೀರಾ?"

ಭಾನುವಾರ ಡಾಕ್ಟರ ಕಾರಿನ ಡ್ಯಾಶ್‌ಬೋರ್ಡು ಅವರ ಅಂಗಳದಲ್ಲಿ ತುಂಡುತುಂಡಾಗಿ ಬಿಸಿಲು ಕಾಯುತ್ತಿತ್ತು. ಡಾಕ್ಟರ ಹೆಂಡತಿ ಬಾಗಿಲಲ್ಲಿ ನಿಂತು, "ಇವತ್ತೇ ಮುಗಿಯುತ್ತಾ?" ಎಂದು ಕೇಳಿದರು.

"ಅವಸರ ಮಾಡಬಾರದು ತಾಯಿ," ಎಂಬ ಉತ್ತರ ಬಾನೆಟ್ಟಿನೊಳಗಿಂದ ಬಂತು.