ರುದ್ರಮ್ಮ ನಿಲ್ಲಿಸಿದ ಕ್ರಷರ್

ರುದ್ರಮ್ಮ ಕಣಕಟ್ಟೆ ಹತ್ತಿರದ ಒಂದು ಹಟ್ಟಿಯಲ್ಲಿ ಅಂಗನವಾಡಿ ಟೀಚರ್. ಗಂಡ ತೀರಿಕೊಂಡ ಮೇಲೆ ತಮ್ಮ ಪುಟ್ಟರಾಜುವಿನ ಮನೆಗೆ ಒತ್ತಿಕೊಂಡಂತೆ ಒಂದು ಕೋಣೆ ಕಟ್ಟಿಸಿಕೊಂಡು ಇದ್ದರು. ಮಾತು ಕಮ್ಮಿ.

ಅಂಗನವಾಡಿಯ ಹಿಂದೆ ಗೋಮಾಳದ ಬಂಡೆಗುಡ್ಡ. ಎರಡು ಸಾವಿರದ ಇಸವಿಯಲ್ಲಿ ಷಡಕ್ಷರಪ್ಪ ಎಂಬ ಕಂಟ್ರಾಕ್ಟರ್ ಅಲ್ಲಿ ಜಲ್ಲಿ ಕ್ರಷರ್ ಹೂಡಿದ. ಪರವಾನಗಿ ಇರಲಿಲ್ಲ. ಕೇಳಿದವರಿಗೆಲ್ಲ "ಬತ್ತಾ ಐತೆ" ಅನ್ನುತ್ತಿದ್ದ. ಮಕ್ಕಳ ಉಪ್ಪಿಟ್ಟಿನ ಮೇಲೆ ಬೂದು ಪುಡಿ ಕೂತಿತು, ತೆಂಗಿನ ಗರಿಗಳು ಬಿಳುಚಿದವು, ಬೋರ್‌ವೆಲ್ ನೀರು ಕದಡಿತು. ಒಂದು ಮಧ್ಯಾಹ್ನ ಮದ್ದಿಟ್ಟ ಬಂಡೆ ಸಿಡಿದು, ಹೆಂಚು ಒಡೆದುಕೊಂಡು ಬಂದ ಕಲ್ಲು ಮಕ್ಕಳು ಮಲಗುವ ಚಾಪೆಯ ಮೇಲೆ ಬಿತ್ತು. ಮಕ್ಕಳು ಹೊರಗೆ ಕೈ ತೊಳೆಯುತ್ತಿದ್ದರು.

ಅವತ್ತು ಸಂಜೆ ರುದ್ರಮ್ಮ ದೂರು ಬರೆಯಲು ಕೂತರು. ಪುಟ್ಟರಾಜು ಅದೇ ಕ್ರಷರ್‌ನಲ್ಲಿ ಕೂಲಿ.

"ಅದು ನಿಂತ್ರೆ ನಾನೆಲ್ಲಿಗೆ ಹೋಗ್ಲಕ್ಕ?"

"ಮಕ್ಳ ತಲೆ ಮ್ಯಾಲೆ ಬೀಳೋ ಗಂಟ ಸುಮ್ನಿರ್ಲಾ?"

ಅವನು ಎದ್ದು ಹೋದ.

ಉಪವಿಭಾಗಾಧಿಕಾರಿಗಳು ಅರಸೀಕೆರೆಗೆ ಬಂದ ದಿನ ರುದ್ರಮ್ಮ ಆ ಕಲ್ಲನ್ನು ಚೀಲದಲ್ಲಿ ಹೊತ್ತುಕೊಂಡೇ ಹೋದರು. ಸಾಹೇಬರು ಗುಡ್ಡಕ್ಕೆ ಬಂದು ಕಣ್ಣಾರೆ ನೋಡಿದರು. ಜನರ ಜೀವಕ್ಕೆ, ನೀರಿಗೆ ಕುತ್ತು ತರುವ ಕೆಲಸವನ್ನು ನಿಲ್ಲಿಸಲು ಅವರಿಗೆ ಮ್ಯಾಜಿಸ್ಟ್ರೇಟರ ಅಧಿಕಾರವಿತ್ತು. ವಾರದೊಳಗೆ ಯಂತ್ರಕ್ಕೆ ಸೀಲ್ ಬಿತ್ತು, ಗೇಟಿಗೆ ಆಜ್ಞೆ ಅಂಟಿಸಿದರು.

"ಮತ್ತೆ ಶುರು ಮಾಡಿದ್ರೆ?" ರುದ್ರಮ್ಮ ಸಾಹೇಬರನ್ನು ಕೇಳಿದರು.

"ಮಾಡಿದ್ರೆ ಕೇಸಾಗುತ್ತಮ್ಮ. ಆದ್ರೆ ಇಲ್ಲಿ ಕಾವಲು ಕೂರೋಕೆ ನನ್ನ ಹತ್ರ ಜನ ಇಲ್ಲ."

ಬಂಡೆಯಲ್ಲಿ ಮದ್ದು ತುಂಬಲು ಆಗಲೇ ಕೊರೆದಿಟ್ಟ ಕುಳಿಗಳಿದ್ದವು. ಅವನ್ನು ಸಿಡಿಸಿ ಬಂದಷ್ಟು ಕಲ್ಲನ್ನಾದರೂ ಸಾಗಿಸಿಬಿಡಬೇಕೆಂದು ಷಡಕ್ಷರಪ್ಪ ಭಾನುವಾರ ನೋಡಿ ಪುಟ್ಟರಾಜು ಸೇರಿದಂತೆ ನಾಲ್ಕು ಜನರನ್ನು ಕರೆದೊಯ್ದ. ಮದ್ದು ತುಂಬುವ ಪಳಗಿದ ಆಳು ಕೆಲಸ ನಿಂತ ದಿನವೇ ಊರು ಬಿಟ್ಟಿದ್ದ. ಬತ್ತಿಗೆ ಬೆಂಕಿ ಕೊಡಲು ಪುಟ್ಟರಾಜುವನ್ನು ಇಳಿಸಿದರು. ಅವನು ಮೇಲೆ ಹತ್ತುವಷ್ಟರಲ್ಲಿ ಬಂಡೆ ಸಿಡಿಯಿತು.

ಹೆಣ ಮನೆಗೆ ಬಂದಾಗ ಅವನ ಹೆಂಡತಿ ದೇವೀರಮ್ಮ ಅಳಲಿಲ್ಲ. ರುದ್ರಮ್ಮನ ಮುಖ ನೋಡಿ, "ನೀವು ನಿಲ್ಸದೆ ಇದ್ದಿದ್ರೆ ಆ ಮದ್ದಿನೋನು ಇರ್ತಿದ್ದ, ಅತ್ತಿಗೆ" ಅಂದಳು. ಅದು ಸುಳ್ಳಾಗಿರಲಿಲ್ಲ. ಕೆಲಸ ಕಳಕೊಂಡ ಮನೆಗಳವರೂ ಅವರನ್ನು ಕಂಡರೆ ಮುಖ ತಿರುಗಿಸತೊಡಗಿದರು.

ಆಜ್ಞೆ ಮೀರಿದ್ದಕ್ಕೆ, ಸಾವಿಗೆ ಕಾರಣನಾದದ್ದಕ್ಕೆ ಷಡಕ್ಷರಪ್ಪನ ಮೇಲೆ ಕೇಸಾಯಿತು. ಜಾಮೀನಿನ ಮೇಲೆ ಹೊರಬಂದವನು ಬೇರೆ ತಾಲ್ಲೂಕಿನಲ್ಲಿ ಕೆಲಸ ಹಿಡಿದ. ಅರಸೀಕೆರೆ ಕೋರ್ಟಿನಲ್ಲಿ ಸಾಕ್ಷಿಗಳು ಒಬ್ಬೊಬ್ಬರಾಗಿ ಹಿಂದೆ ಸರಿದರು. ರುದ್ರಮ್ಮ ಸರಿಯಲಿಲ್ಲ. ದೇವೀರಮ್ಮ ಬರುವುದಿಲ್ಲವೆಂದೇ ಎಲ್ಲರೂ ಅಂದುಕೊಂಡಿದ್ದರು. ಬಂದಳು. ಕಟಕಟೆ ಹತ್ತಿ, "ಗೇಟಿಗೆ ಅಂಟ್ಸಿದ್ದು ಎಲ್ರಿಗೂ ಗೊತ್ತಿತ್ತು ಸ್ವಾಮಿ. ಓನರೇ ಮನೆಗೆ ಬಂದು ಕರ್ಕೊಂಡೋದ" ಅಂದಳು.

ಇಬ್ಬರೂ ಒಂದೇ ಬಸ್ಸಿನಲ್ಲಿ ಕಣಕಟ್ಟೆಗೆ ಬಂದರು. ರುದ್ರಮ್ಮನ ಪಕ್ಕದ ಸೀಟು ಖಾಲಿ ಇದ್ದರೂ ದೇವೀರಮ್ಮ ನಿಂತೇ ಇದ್ದಳು. ಇಳಿದವಳು ಹಿಂತಿರುಗಿ ನೋಡದೆ ಹಟ್ಟಿಯ ದಾರಿ ಹಿಡಿದಳು. ರುದ್ರಮ್ಮ ಅವಳು ಮುಂದೆ ಹೋಗಲೆಂದು ಸ್ಟಾಪಿನಲ್ಲಿ ಸ್ವಲ್ಪ ಹೊತ್ತು ನಿಂತರು.