ರೈಲ್ವೆ ಗೇಟಿನ ಆಚೆಗೆ ಇಬ್ಬರು

ತೊಂಬತ್ತರ ದಶಕದ ನಡುವೆ ನಾನು ವೈಟ್‌ಫೀಲ್ಡ್ ಕಡೆಯ ಒಂದು ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಆಗಿದ್ದೆ. ಠಾಣೆ ಇದ್ದದ್ದು ರೈಲು ಹಳಿಯ ಈಚೆಗೆ. ಆಚೆಗೆ ಕಾರ್ಖಾನೆಗಳು, ಅವುಗಳ ಬೆನ್ನಿಗೇ ಊರಿನವರು ರಾಗಿ ಹೊಲದಲ್ಲಿ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದ ಶೀಟ್ ಮನೆಗಳ ಸಾಲುಗಳು. ನಮಗಿದ್ದದ್ದು ಒಂದೇ ಜೀಪು. ಗೇಟು ಬಿತ್ತೆಂದರೆ ಅದೂ ಲಾರಿಗಳ ಹಿಂದೆ ನಿಲ್ಲಬೇಕು.

ಒಂದು ಸಂಜೆ ಆಚೆಯ ಎಸ್‌ಟಿಡಿ ಬೂತಿನಿಂದ ಫೋನ್ ಬಂತು. ನಲ್ಲಿ ಹತ್ತಿರ ಹೊಡೆದಾಟ ಅಂದರು. ಹೊರಟೆವು, ಗೇಟು ಬಿದ್ದಿತ್ತು. ಗೂಡ್ಸ್ ಗಾಡಿ ಹೋದ ಮೇಲೂ ಗೇಟು ಏಳಲಿಲ್ಲ, ಎದುರಿನಿಂದ ಇನ್ನೊಂದು ಬರುವುದಿತ್ತು. ನಾವು ತಲುಪುವಷ್ಟರಲ್ಲಿ ನಲ್ಲಿಯ ಬಳಿ ಯಾರೂ ಇಲ್ಲ. ಅಲ್ಲೇ ಮೆಸ್ ನಡೆಸುತ್ತಿದ್ದ ಹೆಂಗಸೊಬ್ಬರು ಬಾಗಿಲಲ್ಲಿ ಕೂತಿದ್ದರು. ತಳ್ಳಾಟದಲ್ಲಿ ಸಾರಿನ ಪಾತ್ರೆ ಮಗುಚಿ ಅವರ ಮುಂಗೈ ಬೆಂದಿತ್ತು.

"ಬಂದ್ರಾ ಸಾರ್, ಕೂತ್ಕಳಿ," ಎಂದರು. "ಒಡ್ದಾಡ್ದೋರೆಲ್ಲ ಶಿಫ್ಟಿಗೆ ಓದ್ರು."

ಮಾತಿನಲ್ಲಿ ಕೊಂಕು ಇರಲಿಲ್ಲ. ಪೊಲೀಸರು ಬರುವುದೇ ಹೀಗೆ ಎಂದು ಅವರು ಒಪ್ಪಿಕೊಂಡುಬಿಟ್ಟಿದ್ದರು. ಅದು ನನಗೆ ನಾಟಿತು. ಅವರನ್ನು ಜೀಪಿನಲ್ಲೇ ಆಸ್ಪತ್ರೆಗೆ ಕರೆದೊಯ್ದೆವು.

ಮರುದಿನ ಇನ್ಸ್‌ಪೆಕ್ಟರ್ ಮುಂದೆ ಕೂತೆ. ಅವರು ಧಾರವಾಡದ ಕಡೆಯವರು, ಸಮಾಧಾನದ ಮನುಷ್ಯ. "ಮಂದಿ ಕೊಡ್ರಿ ಅಂತ ಬರದು ಬರದು ಸಾಕಾತು," ಎಂದರು. "ಇದ್ದವರೊಳಗ ಏನರ ಮಾಡೂಣು."

ಇದ್ದವರನ್ನು ನೋಡಿದರೆ ಮುಕ್ಕಾಲು ಪಾಲು ಬೆಳಗಿನ ಡ್ಯೂಟಿಯವರು. ಕೋರ್ಟು, ಸಮನ್ಸು, ಪಾಸ್‌ಪೋರ್ಟ್ ವಿಚಾರಣೆ. ಜಗಳಗಳು ಮಾತ್ರ ಸಂಜೆಗೆ, ಒಂದು ಶಿಫ್ಟು ಹೊರಬಂದು ಇನ್ನೊಂದು ಒಳಹೋಗುವಾಗ. ಆ ಹೊತ್ತಿಗೆ ಇಬ್ಬರನ್ನು ಗೇಟಿನ ಆಚೆಗೇ ಇಟ್ಟರೆ ಹೇಗೆ ಎಂದೆ. ಅವರಿಗೆ ಜೀಪು ಬೇಡ, ಒಂದು ವೈರ್‌ಲೆಸ್ ಸೆಟ್, ಒಂದು ಸೈಕಲ್ ಸಾಕು. ಇನ್ಸ್‌ಪೆಕ್ಟರ್ ಒಪ್ಪಿ ತಲೆಯಾಡಿಸಿದರು.

ಆದರೆ ಹೋಗುವವರು ಯಾರು? ಒಬ್ಬನಿಗೆ ಮಗಳನ್ನು ಟ್ಯೂಷನ್ನಿನಿಂದ ಕರೆತರಬೇಕು, ಇನ್ನೊಬ್ಬನ ಹೆಂಡತಿ ತುಂಬು ಬಸುರಿ. ಮತ್ತೊಬ್ಬ ಕಾನ್‌ಸ್ಟೆಬಲ್ ನನ್ನನ್ನು ಪಕ್ಕಕ್ಕೆ ಕರೆದ. ಅವನ ಊರಿನಲ್ಲಿ ಪೌರಾಣಿಕ ನಾಟಕ ಕಟ್ಟುತ್ತಿದ್ದರು, ಪ್ರತಿ ಸಂಜೆ ತಾಲೀಮು.

"ಗದೆ ಹಿಡ್ಯೋ ಪಾತ್ರ ಸಾರ್. ಎಷ್ಟು ವರ್ಷದಿಂದ ಕೇಳ್ತಿದ್ದೆ, ಈ ಸಲ ಕೊಟ್ಟವ್ರೆ. ನೀವು ಹೋಗು ಅಂದ್ರೆ ಹೋಗ್ತೀನಿ."

ಆ ಕೊನೆಯ ಮಾತಿಗೇ ನಾನು ಸೋತೆ. ಆರ್ಡರ್ ಹಾಕುವುದು ಸುಲಭ. ಮನಸ್ಸಿಲ್ಲದೆ ಹೋದವನು ಟೀ ಅಂಗಡಿಯಲ್ಲಿ ಹೊತ್ತು ಕಳೆಯುತ್ತಾನೆ, ಫೋನ್ ಬಂದಾಗ ಅವನನ್ನು ಹುಡುಕುವುದೇ ಇನ್ನೊಂದು ಕೆಲಸವಾಗುತ್ತದೆ. ಕೊನೆಗೆ ಸರದಿ ಮಾಡಿದೆವು. ತಿಂಗಳಿಗೊಂದು ಜೋಡಿ, ನಾಟಕದವನ ಸರದಿ ನಾಟಕ ಮುಗಿದ ಮೇಲೆ. ಮೊದಲ ಸರದಿಗೆ ನಾನೇ ನಿಂತೆ. ಜೊತೆಗೆ ನಿವೃತ್ತಿ ಹತ್ತಿರವಿದ್ದ ಹೆಡ್ ಕಾನ್‌ಸ್ಟೆಬಲ್ ಬಂದರು. "ಮಂಡಿನೋವು ಸಾರ್, ಒಂದು ಕುರ್ಚಿ ಇದ್ರೆ ಬರ್ತೀನಿ," ಎಂದಿದ್ದರು. ಕುರ್ಚಿಯನ್ನು ಮೆಸ್ಸಿನವರು ಕೊಟ್ಟರು.

ನಡೆದು ತಿರುಗಿದಾಗ ಆ ಸಾಲುಗಳು ಬೇರೆಯಾಗಿಯೇ ಕಂಡವು. ತಮಿಳು, ತೆಲುಗು, ನಮ್ಮ ರಾಯಚೂರಿನ ಮಾತು, ಎಲ್ಲ ಒಂದೇ ಗೋಡೆಯ ಹಿಂದೆ. ಎರಡನೆಯ ವಾರದಲ್ಲಿ ನಲ್ಲಿಯ ಬಳಿ ಮತ್ತೆ ದನಿ ಏರಿತು. ಯಾರದೋ ಬಿಂದಿಗೆಯನ್ನು ಯಾರೋ ಪಕ್ಕಕ್ಕೆ ಸರಿಸಿದ್ದರು. ಒಬ್ಬ ಆಗಲೇ ಇನ್ನೊಬ್ಬನ ಕಾಲರ್ ಹಿಡಿದಿದ್ದ. ಹೆಡ್ ಕಾನ್‌ಸ್ಟೆಬಲ್ ಕುಂಟುತ್ತ ಹೋಗಿ ಅವನ ಹೆಗಲ ಮೇಲೆ ಕೈ ಇಟ್ಟರು. "ಬಿಡಪ್ಪ, ನೀರು ನಿಂತೋಗ್ತದೆ, ಮೊದ್ಲು ಹಿಡ್ಕೋ." ಅವನು ಕಾಲರ್ ಬಿಟ್ಟು ಬಿಂದಿಗೆ ಹಿಡಿದ.

ಠಾಣೆಗೆ ಬಂದಾಗ ಇನ್ಸ್‌ಪೆಕ್ಟರ್, "ಏನಾತು?" ಎಂದು ಕೇಳಿದರು.

"ಏನೂ ಆಗಲಿಲ್ಲ ಸಾರ್."

"ಛಲೋ ಆತು," ಎಂದು ನಕ್ಕರು.

ಸರದಿ ಎರಡು ಸುತ್ತು ಬರುವಷ್ಟರಲ್ಲಿ ಯಾರೋ ಮಂತ್ರಿ ಬರುತ್ತಾರೆಂದು ನಗರದ ಬಂದೋಬಸ್ತಿಗೆ ಜನ ಕೇಳಿದರು. ಮೊದಲು ಹೋದವರು ಗೇಟಿನ ಆಚೆಯ ಇಬ್ಬರೇ. ಮಂತ್ರಿ ಬಂದು ಹೋದರೂ ಅವರನ್ನು ನಮಗೆ ವಾಪಸು ಕಳಿಸಲಿಲ್ಲ. ಮೂರ್ನಾಲ್ಕು ದಿನವಾದ ಮೇಲೆ ಮೆಸ್ಸಿನವರು ಹಳಿ ದಾಟಿ ಠಾಣೆಗೆ ಬಂದರು. ಕೈ ವಾಸಿಯಾಗಿ ಚರ್ಮ ಬೆಳ್ಳಗಾಗಿತ್ತು.

"ಏನಮ್ಮ, ಗಲಾಟೆನಾ?" ಎಂದೆ.

"ಇಲ್ಲ ಸಾರ್. ನಿಮ್ಮೋರು ಕಾಣ್ಲಿಲ್ಲ, ಉಸಾರಿಲ್ವೇನೋ ಅಂತ ಬಂದೆ."

ಇನ್ಸ್‌ಪೆಕ್ಟರ್ ಒಳಗಿನಿಂದಲೇ ಅದನ್ನು ಕೇಳಿಸಿಕೊಂಡರು. ಮೇಲಿನವರಿಗೆ ಫೋನ್ ಮಾಡಿ, ತಮ್ಮ ಸ್ವಭಾವಕ್ಕೆ ಮೀರಿ ಸ್ವಲ್ಪ ದನಿ ಏರಿಸಿಯೇ ಮಾತಾಡಿದರು. ಮರುದಿನ ಒಬ್ಬ ಮಾತ್ರ ವಾಪಸಾದ. ಎರಡನೆಯವನ ಜಾಗಕ್ಕೆ ತಮ್ಮ ಮನೆಗೆಲಸಕ್ಕೆಂದು ಇದ್ದ ಆರ್ಡರ್ಲಿ ಪೇದೆಯನ್ನೇ ಹಾಕಿದರು. ನನಗೆ ಪೀಣ್ಯದ ಕಡೆಗೆ ವರ್ಗವಾಗುವ ತನಕ ಸಂಜೆಯ ಜೋಡಿ ತಪ್ಪಲಿಲ್ಲ.