ಚಾಪೆಲ್ಲಿನ ತಾಯಿಗೆ ಇಟ್ಟ ಕುಂಕುಮ

ವಸುಧಾ, ನಿಮ್ಮೂರ ಚಾಪೆಲ್ಲಿನ ಗೋಡೆಯ ಮೇಲಿದ್ದ ಆ ತಾಯಿಯ ಹಣೆಗೆ ಕುಂಕುಮ ಇಟ್ಟದ್ದು ನಿಮ್ಮಮ್ಮ ಅಲ್ಲ. ನಿನ್ನ ಅತ್ತಿಗೆ, ನಾನು. ಹನ್ನೊಂದು ವರ್ಷದಿಂದ ಇಷ್ಟು ಹೇಳಲಾಗದೆ —

ಅತ್ತೆಯನ್ನು ಕರೆದುಕೊಂಡು ಅಮೆರಿಕದ ಎಡಿಸನ್ನಿನಿಂದ ಇಂಗ್ಲೆಂಡಿಗೆ, ನಿನ್ನ ಮನೆಗೆ ಬಂದಿದ್ದ ಬೇಸಿಗೆ ಅದು. ಕುರಿ ಮೇಯುವ ಹುಲ್ಲುಗಾವಲಿನ ನಡುವೆ ಕಲ್ಲಿನ ಪುಟ್ಟ ಚರ್ಚು, ಆ ಚಾಪೆಲ್. ಆರುನೂರು ವರ್ಷದ್ದು ಎಂದಿದ್ದೆ ನೀನು. ಅದರ ಬೀಗದ ಕೈ ವಾರಕ್ಕೊಂದು ಮನೆಯಲ್ಲಿ ಇರುತ್ತಿತ್ತು. ಬಾಗಿಲು ತೆಗೆದು, ಗುಡಿಸಿ, ಹೂವಿಡುವ ಸರದಿ. ಆ ಊರು ಸೇರಿ ಒಂಬತ್ತು ವರ್ಷವಾದ ಮೇಲೆ ನಿನ್ನನ್ನೂ ಸರದಿಗೆ ಸೇರಿಸಿಕೊಂಡಿದ್ದರು. ಹೊಸ ಒಡವೆ ತೋರಿಸುವ ಹಾಗೆ ನಮಗೆ ಆ ಬೀಗದ ಕೈ ತೋರಿಸಿದೆಯಲ್ಲ!

ಒಳಗೋಡೆಯ ಮೇಲೆ ಮಾಸಿದ ಬಣ್ಣದಲ್ಲಿ ಮಗುವನ್ನೆತ್ತಿಕೊಂಡ ತಾಯಿ. ಹಿಂದೆ ಯಾರೋ ಸುಣ್ಣ ಬಳಿದು ಮುಚ್ಚಿದ್ದನ್ನು ಕಷ್ಟಪಟ್ಟು ಬಿಡಿಸಿದ್ದರಂತೆ. ನೀನು ಹೂವಿನ ಕುಂಡಕ್ಕೆ ನೀರು ತರಲು ಹೋದೆ. ಅತ್ತೆ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಅವರ ಕೈಚೀಲ ನನ್ನ ಹೆಗಲಲ್ಲಿತ್ತು. ಹಿಂದಿನ ದಿನವಷ್ಟೇ ಹೋಬೋಕನ್ನಿನಿಂದ ನನ್ನ ಮಗಳ ಫೋನ್ — ಏಳು ತಿಂಗಳು, ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡ ಎಂದಿದ್ದಾರೆ ಎಂದು. ಅಂದು ಶುಕ್ರವಾರ ಬೇರೆ. ಬರಿ ಹಣೆಯ ಆ ತಾಯಿಯನ್ನು ನೋಡಿ ಏನನ್ನಿಸಿತೋ — ಅತ್ತೆಯ ಡಬ್ಬಿ ತೆಗೆದು, ಬೆರಳು ಒದ್ದೆ ಮಾಡಿ ಕುಂಕುಮ ಇಟ್ಟೆ. ತಾಯಿಗೆ ಕುಂಕುಮವಿಟ್ಟರೆ ತಪ್ಪೇನು ಎಂದುಕೊಂಡೆ. ಹಳೆಯ ಗಾರೆ ಅದನ್ನು ಹೀರಿಕೊಂಡುಬಿಟ್ಟಿತು.

ಮೂರನೆಯ ದಿನ ಊರಿನ ಇಬ್ಬರು ನಿನ್ನ ಮನೆಗೆ ಬಂದರು. ಕಲೆ ತೆಗೆದರೆ ಅದರ ಜೊತೆ ಹಣೆಯ ಬಣ್ಣವೂ ಎದ್ದುಬರುತ್ತದಂತೆ. ಯಾರೂ ದನಿ ಏರಿಸಲಿಲ್ಲ. ಚಹ ಕುಡಿದು, ಬೀಗದ ಕೈ ಕೇಳಿ ತೆಗೆದುಕೊಂಡು ಹೋದರು.

"ನೀನು ಕಾರಿಗೆ ಇಟ್ಟೆ, ಫ್ರಿಜ್ಜಿಗೆ ಇಟ್ಟೆ, ನಾನು ಸುಮ್ನಿದ್ದೆ. ಅಲ್ಲೂ ಇಡ್ಲೇಬೇಕಿತ್ತಾ ಅಮ್ಮಾ?" ಎಂದೆ ನೀನು.

ಅತ್ತೆಗೆ ಆಗಲೇ ಮರೆವು ಶುರುವಾಗಿತ್ತು.

"ನಾನೇ ಇಟ್ಟಿರ್ಬೇಕು ಕಣೇ. ನೆನಪಾಗ್ತಿಲ್ಲ. ತಪ್ಪಾಯ್ತು."

ನಾನು ಪಕ್ಕದಲ್ಲೇ ಚಹದ ಲೋಟ ತೊಳೆಯುತ್ತಿದ್ದೆ. ನಲ್ಲಿ ನಿಲ್ಲಿಸಲಿಲ್ಲ.

ಆಮೇಲೆ ನೀನು ಅಮ್ಮನನ್ನು ಮತ್ತೆ ಅಲ್ಲಿಗೆ ಕರೆಯಲಿಲ್ಲ, ಅವರೂ ಕೇಳಲಿಲ್ಲ. ಇಲ್ಲಿಗೆ ಮರಳಿದ ಮೇಲೆ ಫ್ಲಶಿಂಗಿನ ದೇವಸ್ಥಾನದಲ್ಲೂ ಅತ್ತೆ ಕೈಗಳನ್ನು ಸೆರಗಿನೊಳಗೆ ಹುದುಗಿಸಿ ನಿಲ್ಲುತ್ತಿದ್ದರು. ಅರ್ಚಕರು ಕುಂಕುಮ ಕೊಟ್ಟರೆ, ಇಟ್ಟುಕೊಳ್ಳಬಹುದೇನಮ್ಮ ಎಂದು ನನ್ನನ್ನು — ನನ್ನನ್ನೇ — ಕೇಳುತ್ತಿದ್ದರು. ಇಟ್ಟುಕೊಳ್ಳಿ ಅತ್ತೆ, ಎನ್ನುತ್ತಿದ್ದೆ. ಅಷ್ಟೇ ಹೇಳುತ್ತಿದ್ದೆ.

ಅವರು ತೀರಿಕೊಂಡು ಎರಡು ವರ್ಷ. ಹೇಳಬಹುದಾಗಿದ್ದ ದಿನಗಳು ಎಷ್ಟೋ ಇದ್ದವು — ನಿನ್ನ ಕೋಪಕ್ಕೆ ಹೆದರಿದೆ ಎನ್ನಲೇ? ಒಳ್ಳೆಯ ಸೊಸೆ ಎಂದು ಎಲ್ಲರೂ ಹೊಗಳುತ್ತಿದ್ದರು, ಅದನ್ನು ಬಿಡಲಾಗಲಿಲ್ಲ. ಮೊಮ್ಮಗಳು ಸುಖವಾಗಿ ಹುಟ್ಟಿದಳು. ಅದನ್ನೂ ನೆಪ ಮಾಡಿಕೊಳ್ಳುವುದಿಲ್ಲ.

ನೀನು ಕ್ಷಮಿಸಬೇಕೆಂದು ಬರೆಯುತ್ತಿಲ್ಲ. ಆ ಊರಿನವರಿಗೂ ಇದನ್ನೇ ಇಂಗ್ಲಿಷಿನಲ್ಲಿ ಬರೆದು ಈ ಬೆಳಿಗ್ಗೆ ಅಂಚೆಗೆ ಹಾಕಿದೆ. ಕೆಳಗೆ ನನ್ನ ಪೂರ್ತಿ ಹೆಸರಿದೆ. ನಿಮ್ಮಮ್ಮನ ಹೆಸರನ್ನೂ ಬರೆದು, ಅವರು ಗೋಡೆಯನ್ನು ಮುಟ್ಟಿಯೇ ಇರಲಿಲ್ಲ ಎಂದಿದ್ದೇನೆ. ಆ ಒಂದು ಸಾಲು ಅತ್ತೆ ಬದುಕಿದ್ದಾಗ ಅವರ ಕಿವಿಗೆ ಬೀಳಬೇಕಿತ್ತು.